ನೀರೊಲೆಗೊಂದು ಬಾಗಿಲು

ಜೆ.ಪಿ. ನಗರದ ಬಡಾವಣೆಗಳು ಸುತ್ತುವರಿಯುವ ಮೊದಲೇ ಇದ್ದ ಊರು ಸಾರಕ್ಕಿ. ಈಗ ಕೆರೆ, ಮಾರುಕಟ್ಟೆ, ಸಿಗ್ನಲ್ಲಿನ ಹೆಸರಾಗಿಯೇ ಹೆಚ್ಚು ಕೇಳಿಬರುತ್ತದೆ. ಆದರೂ ಹಳೆಯ ಊರಿನ ಓಣಿಗಳಲ್ಲಿ ಒಂದಿಷ್ಟು ಹಿತ್ತಲು ಉಳಿಸಿಕೊಂಡ ಮನೆಗಳುಂಟು, ಅಂಥ ಹಿತ್ತಲಿನ ಮೂಲೆಯಲ್ಲಿ ನೀರೊಲೆಯೂ ಉಂಟು. ಮೇಲೆ ತಾರಸಿಯಲ್ಲಿ ಸೋಲಾರ್, ಒಳಗೆ ಬಚ್ಚಲಿನಲ್ಲಿ ಗೀಸರ್, ಹಿಂದೆ ಗಾರೆ ಕಟ್ಟಿದ ಒಲೆಯಲ್ಲಿ ಕೂತ ತಾಮ್ರದ ಹಂಡೆ. ಮೂರೂ ಒಂದೇ ಮನೆಯಲ್ಲಿರುವುದಕ್ಕೆ ಕಾರಣವಿದೆ. ಜುಲೈ, ಆಗಸ್ಟ್‌ನ ಮೋಡಕ್ಕೆ ಸೋಲಾರ್ ನೀರು ಉಗುರುಬೆಚ್ಚಗಾಗಿ ನಿಲ್ಲುತ್ತದೆ. ಎಣ್ಣೆಸ್ನಾನದ ದಿನ ಮನೆಮಂದಿಗೆಲ್ಲ ಸುರಿದುಕೊಳ್ಳುವಷ್ಟು ಬಿಸಿನೀರು ಸಣ್ಣ ಗೀಸರಿನಿಂದ ಬರುವುದಿಲ್ಲ. ಜೊತೆಗೆ ಹಿತ್ತಲಿನ ತೆಂಗಿನ ಗರಿ, ಮಟ್ಟೆ, ಕರಟ ಪುಕ್ಕಟೆಯಾಗಿ ಬೀಳುತ್ತಲೇ ಇರುತ್ತವೆ.

ಮನೆ ರಿಪೇರಿಗೆ ಕೈಹಾಕಿದಾಗ ಪ್ರಶ್ನೆ ಏಳುತ್ತದೆ. ಈ ಒಲೆಯನ್ನು ಕಿತ್ತುಹಾಕಬೇಕೇ, ಹಾಗೇ ಬಿಡಬೇಕೇ, ಅಥವಾ ಕಡಿಮೆ ಸೌದೆ ಬೇಡುವ, ಕಡಿಮೆ ಹೊಗೆ ಬಿಡುವ ಹೊಸ ಒಲೆ ಕಟ್ಟಿಸಬೇಕೇ? ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ಹೊಗೆ ಪಕ್ಕದ ಮನೆಯ ಕಿಟಕಿಯನ್ನು ದಾಟಿ ಮೇಲೆ ಹೋಗಲು ದಾರಿಯಿದ್ದರೆ ಹೊಸ ಒಲೆ ಕಟ್ಟಿಸಿ. ದಾರಿಯಿಲ್ಲದಿದ್ದರೆ ಎಷ್ಟೇ ಒಳ್ಳೆಯ ಒಲೆಯಾದರೂ ಬೇಡ. ದಾರಿಯಿದ್ದವರಿಗೆ ಮಾತ್ರ ಮುಂದಿನ ಲೆಕ್ಕಾಚಾರ.

ಸೌದೆ ಉರಿಯುವ ಬಗೆಯನ್ನು ತಿಳಿದರೆ ಹಳೆಯ ಒಲೆಯ ದೋಷ ತಾನಾಗಿಯೇ ಕಾಣುತ್ತದೆ. ಬೆಂಕಿಗೆ ಹಾಕಿದ ಕಟ್ಟಿಗೆ ಮೊದಲು ತನ್ನೊಳಗಿನ ನೀರನ್ನು ಆವಿಯಾಗಿ ಬಿಡುತ್ತದೆ. ಬಿಸಿ 200 ಡಿಗ್ರಿ ದಾಟಿದ ಮೇಲೆ ಕಟ್ಟಿಗೆಯೇ ಒಡೆದು ಅನಿಲವಾಗತೊಡಗುತ್ತದೆ. ಒಣಸೌದೆಯ ತೂಕದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಹೀಗೆ ಅನಿಲವಾಗಿ ಹೊರಡುತ್ತದೆ, ಉಳಿದದ್ದು ಕೆಂಡ. ನಾವು ಜ್ವಾಲೆ ಎಂದು ಕರೆಯುವುದು ಈ ಅನಿಲ ಉರಿಯುವುದನ್ನೇ. ಅದು ಪೂರ್ತಿ ಉರಿಯಬೇಕಾದರೆ ಒಲೆಯೊಳಗೆ 600 ಡಿಗ್ರಿಗೂ ಮೀರಿದ ಬಿಸಿ ಇರಬೇಕು, ಗಾಳಿ ಅದರೊಡನೆ ಚೆನ್ನಾಗಿ ಬೆರೆಯಬೇಕು, ತಣ್ಣನೆಯ ಹಂಡೆಯ ತಳಕ್ಕೆ ತಾಗುವ ಮುನ್ನ ಉರಿಯಲು ಒಂದಿಷ್ಟು ಜಾಗವೂ ಹೊತ್ತೂ ಸಿಗಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಉರಿಯದ ಅನಿಲ ಹೊಗೆಯಾಗುತ್ತದೆ. ಕಣ್ಣು ಉರಿಸುವ ಹೊಗೆ ಎಂದರೆ ನೀವು ಹೊತ್ತು ತಂದ, ಸೀಳಿದ, ಒಣಗಿಸಿದ ಸೌದೆಯೇ ಬಳಕೆಯಾಗದೆ ಹೊರಗೆ ಹೋಗುತ್ತಿರುವುದು.

ಹಳೆಯ ನೀರೊಲೆಯಲ್ಲಿ ಈ ಎಲ್ಲವೂ ತಪ್ಪುತ್ತವೆ. ಒಲೆಯ ಬಾಯಿ ಸದಾ ತೆರೆದೇ ಇರುತ್ತದೆ. 1 ಕೆ.ಜಿ. ಸೌದೆ ಪೂರ್ತಿ ಉರಿಯಲು ಬೆಂಗಳೂರಿನ ಎತ್ತರದಲ್ಲಿ ಸುಮಾರು 5 ಘನ ಮೀಟರ್ ಗಾಳಿ ಸಾಕು. ತೆರೆದ ಬಾಯಿ ಅದರ ಹಲವು ಪಟ್ಟು ಗಾಳಿಯನ್ನು ಎಳೆದುಕೊಳ್ಳುತ್ತದೆ. ಉರಿಗೆ ಬೇಡವಾದ ಅಷ್ಟೂ ತಣ್ಣನೆಯ ಗಾಳಿಯನ್ನು ಬೆಂಕಿ ಬಿಸಿ ಮಾಡಿ ಹೊರಗೆ ಕಳಿಸಬೇಕು. ಅದರಿಂದ ಉರಿಯ ಬಿಸಿ ಇಳಿಯುತ್ತದೆ, ಅನಿಲ ಅರೆಬರೆ ಉರಿಯುತ್ತದೆ. ಇನ್ನೊಂದೆಡೆ ಸೌದೆ ನೆಲದ ಮೇಲೇ ಮಲಗಿರುವುದರಿಂದ ಕೆಂಡ ಬೂದಿಯಲ್ಲಿ ಹೂತು, ಕೆಳಗಿನಿಂದ ಗಾಳಿ ಸಿಗದೆ ಮಂಕಾಗುತ್ತದೆ. ಆಗ ಊದುಗೊಳವೆ ಹಿಡಿಯುವುದು ಅನಿವಾರ್ಯ. ಜ್ವಾಲೆ ಹಂಡೆಯ ತಳವನ್ನಷ್ಟೇ ನೆಕ್ಕಿ, ಅದರ ಅಗಲವಾದ ಮೈಯನ್ನು ಮುಟ್ಟದೆ ಒಲೆಯ ಬಾಯಿಂದಲೇ ಹೊರಬೀಳುತ್ತದೆ.

ಇದರ ಬೆಲೆಯನ್ನು ಲೆಕ್ಕ ಹಾಕಿ ನೋಡೋಣ. 60 ಲೀಟರಿನ ಹಂಡೆ, ಡಿಸೆಂಬರಿನ ಬೆಳಿಗ್ಗೆ ನೀರು 20 ಡಿಗ್ರಿ, ಬೇಕಾದದ್ದು 55 ಡಿಗ್ರಿ ಎಂದುಕೊಳ್ಳಿ. 35 ಡಿಗ್ರಿ ಏರಿಸಲು ನೀರು ಹೀರಬೇಕಾದ ಶಾಖ ಸುಮಾರು 8.8 ಮೆಗಾಜೂಲ್. ಚೆನ್ನಾಗಿ ಒಣಗಿದ ಸೌದೆಯ ಒಂದು ಕೆ.ಜಿ.ಯಲ್ಲಿ ಸುಮಾರು 16 ಮೆಗಾಜೂಲ್ ಇರುತ್ತದೆ. ಶಾಖದಲ್ಲಿ ನೂರಕ್ಕೆ 10 ಪಾಲು ಮಾತ್ರ ನೀರಿಗೆ ತಲುಪಿಸುವ ಹಳೆಯ ಒಲೆಗೆ ಹೀಗೆ ಐದೂವರೆ ಕೆ.ಜಿ. ಸೌದೆ ಬೇಕು. 30 ಪಾಲು ತಲುಪಿಸುವ ಒಲೆಗೆ ಎರಡು ಕೆ.ಜಿ.ಗಿಂತ ಕಡಿಮೆ ಸಾಕು. ಇದೇ ನೀರಿಗೆ ವಿದ್ಯುತ್ ಗೀಸರ್ ಎರಡೂವರೆ ಯೂನಿಟ್ಟಿನಷ್ಟು ಉಣ್ಣುತ್ತದೆ, ಗ್ಯಾಸ್ ಗೀಸರಾದರೆ ಕಾಲು ಕೆ.ಜಿ.ಯಷ್ಟು ಗ್ಯಾಸ್ ಖರ್ಚಾಗುತ್ತದೆ. ಸೌದೆಯನ್ನು ದುಡ್ಡು ಕೊಟ್ಟು ತರುವವರು ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಲಿ. ಎಷ್ಟೋ ಮನೆಗಳಲ್ಲಿ ಗೀಸರೇ ಅಗ್ಗ ಬೀಳುತ್ತದೆ. ಹಿತ್ತಲಿನಲ್ಲೇ ಉರುವಲು ಬೀಳುವ ಮನೆಗೆ ಮಾತ್ರ ಒಲೆ ಲಾಭ.

ಒಳ್ಳೆಯ ಒಲೆಯ ವಿದ್ಯೆಗೆ ನಾವು ದೂರ ಹೋಗಬೇಕಿಲ್ಲ. ಈ ಊರಿನದೇ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದೇ ‘ಅಸ್ತ್ರ’ ಎಂಬ ಕೇಂದ್ರ ಶುರುವಾಯಿತು. ಕುಣಿಗಲ್ ತಾಲ್ಲೂಕಿನ ಉಂಗ್ರ ಅದರ ಹಳ್ಳಿಯ ನೆಲೆ. ಅಲ್ಲಿನ ಸುತ್ತಲ ಹಳ್ಳಿಗಳಲ್ಲಿ ಮನೆಮನೆಯ ಉರುವಲಿನ ಲೆಕ್ಕ ತೆಗೆದ ಮೇಲೆ, ಅಡುಗೆ ಒಲೆಯನ್ನೂ ನೀರೊಲೆಯನ್ನೂ ಸುಧಾರಿಸದೆ ಹೆಂಗಸರ ದಣಿವು ಇಳಿಯದು ಎಂಬುದು ಆ ವಿಜ್ಞಾನಿಗಳಿಗೆ ಖಚಿತವಾಯಿತು. ಕೆ.ಎಸ್. ಜಗದೀಶ್, ಎಸ್.ಎಸ್. ಲೋಕ್ರಾಸ್ ಮೊದಲಾದವರು 1980ರ ದಶಕದ ಆರಂಭದಲ್ಲಿ ರೂಪಿಸಿದ ಮೂರು ಪಾತ್ರೆಯ ‘ಅಸ್ತ್ರ ಒಲೆ’ ರಾಜ್ಯದ ಹಳ್ಳಿಗಳಲ್ಲಿ ಮನೆಮಾತಾಯಿತು. ಅದನ್ನು ಹರಡುವ ಕೆಲಸದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪಾಲು ದೊಡ್ಡದು. ಆ ಒಲೆಯ ತಿರುಳು ಸರಳವಾದದ್ದು. ಬೆಂಕಿಯನ್ನು ಮುಚ್ಚಿದ ಗೂಡಿನೊಳಗಿಡು, ಸೌದೆಯನ್ನು ಜಾಲರಿಯ ಮೇಲಿಡು, ಗಾಳಿಯನ್ನು ಅಳೆದು ಬಿಡು, ಬಿಸಿ ಅನಿಲವನ್ನು ಪಾತ್ರೆಗಳ ಮೈಗೆ ಒತ್ತಿ ಹರಿಸಿ ಆಮೇಲೆ ಹೊಗೆಗೊಳವೆಗೆ ಕಳಿಸು. ನೀರೊಲೆಗೂ ಇದೇ ತಿರುಳು ಸಾಕು.

ಆದರೆ ಅದೇ ಕಾಲದ ಇನ್ನೊಂದು ಪಾಠವನ್ನೂ ನೆನಪಿಡಬೇಕು. ಕೇಂದ್ರ ಸರ್ಕಾರ 1983ರ ಕೊನೆಯಲ್ಲಿ ಶುರುಮಾಡಿದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ 2002ರಲ್ಲಿ ನಿಲ್ಲುವಷ್ಟರಲ್ಲಿ ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆಗಳನ್ನು ಕಟ್ಟಿತ್ತು. ಅವುಗಳಲ್ಲಿ ಬಹಳಷ್ಟು ಬೇಗನೆ ಮೂಲೆಗೆ ಬಿದ್ದವು. ಕಟ್ಟುವಾಗ ಅಳತೆ ತಪ್ಪಿತ್ತು, ಕೊಳವೆಯಲ್ಲಿ ಮಸಿ ಕಟ್ಟಿತ್ತು, ಬಿರುಕು ಬಿಟ್ಟರೆ ಸರಿಮಾಡುವವರು ಇರಲಿಲ್ಲ. ಒಲೆಯ ಗುಣವೆಲ್ಲ ಅಳತೆಯಲ್ಲಿದೆ. ಆದ್ದರಿಂದ ಮೇಸ್ತ್ರಿ ಎಷ್ಟೇ ಅನುಭವಿಯಾದರೂ ಕಣ್ಣಳತೆಗೆ ಬಿಡದೆ ಟೇಪು ಹಿಡಿದು ಪಕ್ಕದಲ್ಲೇ ನಿಲ್ಲಿ.

ಈಗ ಕಟ್ಟುವ ವಿಚಾರ. ಹಂಡೆಯೇ ಅಳತೆಗೆ ಮೂಲ. ಅದರ ಸುತ್ತಳತೆ ತೆಗೆದುಕೊಂಡು, ಹಂಡೆಯ ಮೈಗೂ ಒಲೆಯ ಒಳಗೋಡೆಗೂ ನಡುವೆ ಸುತ್ತಲೂ ಸುಮಾರು 2 ಸೆಂಟಿಮೀಟರ್ ಸಂದು ಉಳಿಯುವಂತೆ ಗೋಡೆ ಏರಿಸಬೇಕು. ಇಡೀ ಸುಧಾರಣೆಯ ಜೀವ ಈ ಸಂದಿನಲ್ಲಿದೆ. ತಳಕ್ಕೆ ತಾಗಿದ ಬಿಸಿ ಅನಿಲ ಈ ಕಿರಿದಾದ ಓಣಿಯಲ್ಲಿ ಹಂಡೆಯ ಪಕ್ಕಗಳನ್ನು ಉಜ್ಜಿಕೊಂಡು ಏರಬೇಕು, ಆಮೇಲಷ್ಟೇ ಕೊಳವೆ ಸೇರಬೇಕು. ಸಂದು ಅಗಲವಾದರೆ ಅನಿಲ ಹಂಡೆಯನ್ನು ಮುಟ್ಟದೆ ಜಾರಿಹೋಗುತ್ತದೆ, ತೀರಾ ಕಿರಿದಾದರೆ ಮಸಿ ಕಟ್ಟಿ ಹೊಗೆ ಬಾಯಿಂದ ಹಿಂದಕ್ಕೆ ಬರುತ್ತದೆ. ಹಂಡೆಯ ಭುಜದ ಹತ್ತಿರ ಗೋಡೆ ಹಂಡೆಗೆ ಕೂಡಿಕೊಳ್ಳಬೇಕು, ಅಲ್ಲಿ ಬಿರುಕು ಉಳಿಯಬಾರದು. ಹಂಡೆಯನ್ನು ತೊಳೆಯಲು ಎತ್ತಬೇಕಾದವರು ಆ ಜಾಗದಲ್ಲಿ ಗಾರೆಯ ಬದಲು ಮಣ್ಣು ಮೆತ್ತಲಿ, ಪ್ರತಿ ಸಲ ಬಿಡಿಸಿ ಮೆತ್ತಬಹುದು. ಕೊಳವೆಗೆ ಹೋಗುವ ಕಂಡಿ ಒಲೆಯ ಬಾಯಿಗೆ ಎದುರು ಬದಿಯಲ್ಲಿ, ಭುಜಕ್ಕೆ ತುಸು ಕೆಳಗೆ ಇರಲಿ.

ಹಂಡೆಯ ತಳಕ್ಕೂ ಜಾಲರಿಗೂ ನಡುವೆ 25 ಸೆಂಟಿಮೀಟರಿನಷ್ಟು ಎತ್ತರ ಬಿಡಿ, ಜ್ವಾಲೆಗೆ ಉರಿಯಲು ಬೇಕಾದ ಜಾಗ ಅದು. ಜಾಲರಿ ಎರಕದ ಕಬ್ಬಿಣದ್ದಾದರೆ ಬಾಳಿಕೆ ಹೆಚ್ಚು, ಕಟ್ಟಡದ ಸರಳುಗಳನ್ನು ಬೆಸುಗೆ ಹಾಕಿಸಿದರೂ ನಡೆಯುತ್ತದೆ, ಕೆಲವು ವರ್ಷಕ್ಕೆ ಬಾಗಿದಾಗ ಬದಲಾಯಿಸುವಂತೆ ಸಡಿಲವಾಗಿ ಕೂರಿಸಿರಬೇಕು ಅಷ್ಟೆ. ಜಾಲರಿಯ ಕೆಳಗೆ ಒಂದು ಗೇಣು ಆಳದ ಬೂದಿಗುಂಡಿ, ಅದಕ್ಕೆ ಬೇರೆಯೇ ಕಿಂಡಿ. ಉರಿಗೆ ಮುಖ್ಯ ಗಾಳಿ ಬರಬೇಕಾದದ್ದು ಈ ಕೆಳಗಿನ ಕಿಂಡಿಯಿಂದಲೇ. ಸೌದೆ ಹಾಕುವ ಬಾಯಿಗೆ ಕಬ್ಬಿಣದ ಬಾಗಿಲು ಬೇಕು. ಬಾಗಿಲಿನ ಮೇಲ್ಭಾಗದಲ್ಲಿ ಬೆರಳು ಗಾತ್ರದ ಕೆಲವು ತೂತುಗಳಿದ್ದರೆ ಅನಿಲ ಉರಿಯುವ ಮಟ್ಟದಲ್ಲಿಯೂ ಸ್ವಲ್ಪ ಗಾಳಿ ಸಿಗುತ್ತದೆ. ಹಳೆಯ ಒಲೆಗೂ ಹೊಸದಕ್ಕೂ ಕಣ್ಣಿಗೆ ಕಾಣುವ ದೊಡ್ಡ ವ್ಯತ್ಯಾಸ ಈ ಬಾಗಿಲು. ಅದಕ್ಕೆ ಹೊಂದುವಂತೆ ಸೌದೆಯನ್ನು ಮೊಳದುದ್ದಕ್ಕೆ ಕತ್ತರಿಸಿಕೊಳ್ಳಬೇಕಾಗುತ್ತದೆ. ಉದ್ದನೆಯ ತುಂಡನ್ನು ಬಾಯಿಗೆ ತುರುಕಿ ಆಗಾಗ ಒಳಗೆ ನೂಕುವ ಅಭ್ಯಾಸವನ್ನು ಬಿಡದವರು ಹೊಸ ಒಲೆ ಕಟ್ಟಿಸಿ ಪ್ರಯೋಜನವಿಲ್ಲ, ಬಾಗಿಲು ಮುಚ್ಚದಿದ್ದರೆ ಅದು ಮತ್ತೆ ಹಳೆಯ ಒಲೆಯೇ.

ಗೋಡೆಯ ಬಗ್ಗೆ ಹೆಚ್ಚಿನವರು ಯೋಚಿಸುವುದಿಲ್ಲ. ದಪ್ಪ ಗೋಡೆ ಶಾಖ ಹಿಡಿದಿಡುತ್ತದೆ ಎಂಬ ನಂಬಿಕೆ ದಿನಕ್ಕೊಂದು ಸಲ ಮುಕ್ಕಾಲು ಗಂಟೆ ಉರಿಸುವ ಒಲೆಗೆ ಸಲ್ಲದು. 100 ಕೆ.ಜಿ. ಇಟ್ಟಿಗೆ 50 ಡಿಗ್ರಿ ಬಿಸಿಯಾಗಲು 4 ಮೆಗಾಜೂಲಿಗೂ ಹೆಚ್ಚು ಶಾಖ ನುಂಗುತ್ತದೆ, ಎಂದರೆ ಹಂಡೆಯ ನೀರಿಗೆ ಬೇಕಾದುದರಲ್ಲಿ ಹತ್ತಿರ ಹತ್ತಿರ ಅರ್ಧ! ಆ ಶಾಖ ಸ್ನಾನ ಮುಗಿದ ಮೇಲೆ ಹಿತ್ತಲಿಗೆ ಸೋರಿಹೋಗುತ್ತದೆ. ಹಾಗಾಗಿ ಬೆಂಕಿಯ ಕಡೆಯ ಒಳಗೋಡೆ ತೆಳುವಾಗಿರಲಿ, ಹೊರಗೋಡೆಗೂ ಅದಕ್ಕೂ ನಡುವೆ ಮೂರು ನಾಲ್ಕು ಇಂಚು ಒಣ ಬೂದಿ ತುಂಬಿ. ಜರಡಿ ಹಿಡಿದ ಸೌದೆಬೂದಿಯಾದರೂ ಸರಿ, ಅಕ್ಕಿ ಗಿರಣಿಯ ಹೊಟ್ಟಿನ ಬೂದಿಯಾದರೂ ಸರಿ, ಶಾಖವನ್ನು ಚೆನ್ನಾಗಿ ತಡೆಯುತ್ತದೆ. ಬೆಂಕಿ ತಾಗುವ ಕಡೆ ಸಿಮೆಂಟ್ ಗಾರೆ ಬೇಡವೇ ಬೇಡ. ಬಿಸಿಗೆ ಅದು ಸಿಡಿದು ಉದುರುತ್ತದೆ. ಜೇಡಿಮಣ್ಣಿಗೆ ಮರಳು, ಸ್ವಲ್ಪ ಹೊಟ್ಟು ಕಲಸಿ ಇಟ್ಟಿಗೆ ಕೂರಿಸಿ, ಅದರಿಂದಲೇ ಮೆತ್ತಿ. ಸಿಮೆಂಟೇನಿದ್ದರೂ ಹೊರಗಿನ ಗಿಲಾವಿಗೆ.

ತಾಮ್ರದ ಹಂಡೆಯನ್ನು ಮಾರಿ ಸ್ಟೀಲಿನದು ತರಬೇಕೇ ಎಂದು ಕೇಳುವವರಿದ್ದಾರೆ. ಶಾಖದ ದೃಷ್ಟಿಯಿಂದ ಲೋಹ ಯಾವುದೆಂಬುದು ಇಲ್ಲಿ ಅಷ್ಟು ಮುಖ್ಯವಲ್ಲ. ಶಾಖವನ್ನು ತಡೆಯುವುದು ಹಂಡೆಯ ಹೊರಮೈಗೆ ಅಂಟಿದ ಅನಿಲದ ತೆಳುಪದರ ಮತ್ತು ಮಸಿ, ಒಳಗೆ ಕಟ್ಟಿದ ಸುಣ್ಣದ ಪದರ. ಬೋರ್‌ವೆಲ್ ನೀರು ತುಂಬುವ ಮನೆಗಳಲ್ಲಿ ಈ ಸುಣ್ಣ ಬೇಗ ಕಟ್ಟುತ್ತದೆ. ಹಂಡೆ ಸೋರದಿದ್ದರೆ ಹಳೆಯದನ್ನೇ ಇಟ್ಟುಕೊಳ್ಳಿ, ಆದರೆ ಮಸಿ ಕೆರೆಯಿರಿ, ಮೇಲೆ ಸರಿಯಾಗಿ ಕೂರುವ ಮುಚ್ಚಳ ಮಾಡಿಸಿ. ಮುಚ್ಚದ ಹಂಡೆಯಿಂದ ಆವಿಯಾಗಿ ಹೋಗುವ ಶಾಖ ಕಡಿಮೆಯೇನಲ್ಲ.

ಇನ್ನು ಹೊಗೆಗೊಳವೆ. ಬಿಸಿಯಾದ ಅನಿಲ ಹೊರಗಿನ ಗಾಳಿಗಿಂತ ಹಗುರ. ಈ ಹಗುರತನವೇ ಒಲೆಯ ಗಾಳಿಯನ್ನೆಲ್ಲ ಎಳೆಯುವ ಶಕ್ತಿ. 10 ಅಡಿ ಕೊಳವೆಯಲ್ಲಿ ಅನಿಲ 150 ಡಿಗ್ರಿ ಇದ್ದಾಗ ಹುಟ್ಟುವ ಸೆಳೆತ ಸುಮಾರು 10 ಪಾಸ್ಕಲ್, ಎಂದರೆ ಒಂದು ಮಿಲಿಮೀಟರ್ ಎತ್ತರದ ನೀರಿನ ಒತ್ತಡ. ಇಷ್ಟು ಸಣ್ಣ ಬಲವಾದ್ದರಿಂದ ಕೊಳವೆಯ ಒಂದೊಂದು ತಿರುವೂ, ಒಂದೊಂದು ಮಸಿಯ ಗಂಟೂ ಲೆಕ್ಕಕ್ಕೆ ಬರುತ್ತದೆ. ನೆಟ್ಟಗೆ ಏರುವ, ಐದಾರು ಇಂಚು ಅಗಲದ ಕೊಳವೆ ಹಾಕಿಸಿ. ತಿರುಗಲೇಬೇಕಾದಲ್ಲಿ ಓರೆಯಾಗಿ ತಿರುಗಿಸಿ. ತಳದಲ್ಲಿ ಮಸಿ ತೆಗೆಯಲು ಬಿರಡೆಯಿರುವ ಕಂಡಿ, ಎದೆಯ ಎತ್ತರದಲ್ಲಿ ಸೆಳೆತವನ್ನು ಹೆಚ್ಚು ಕಡಿಮೆ ಮಾಡುವ ತಿರುಗು ತಗಡು ಅಂದರೆ ಡ್ಯಾಂಪರ್, ತುದಿಯಲ್ಲಿ ಮಳೆಗೆ ಟೋಪಿ. ಉರಿ ಹತ್ತುವವರೆಗೆ ಡ್ಯಾಂಪರ್ ಪೂರ್ತಿ ತೆರೆದಿರಲಿ, ಆಮೇಲೆ ಹೊಗೆ ಹಿಂದಕ್ಕೆ ಬಾರದ ಮಟ್ಟಕ್ಕೆ ತಗ್ಗಿಸಿ. ಕೆಂಡ ಇರುವಾಗ ಅದನ್ನು ಪೂರ್ತಿ ಮುಚ್ಚುವುದು ಅಪಾಯ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಬಚ್ಚಲಿನಲ್ಲಿ ಅದು ಜೀವ ತೆಗೆಯುತ್ತದೆ. ಒಲೆ ಬಚ್ಚಲಿಗೆ ಅಂಟಿಕೊಂಡಿದ್ದರೆ ಸೌದೆ ಹಾಕುವ ಬಾಯಿ ಹೊರಗಡೆಗೇ ಇರಬೇಕು.

ಹಳೆಯ ಒಲೆಯನ್ನು ಕೀಳುವಾಗ ಒಂದು ಎಚ್ಚರ. ಆ ಕಾಲದ ಎಷ್ಟೋ ಹೊಗೆಗೊಳವೆಗಳು ಕಲ್ನಾರು ಬೆರೆತ ಸಿಮೆಂಟಿನವು. ಅವನ್ನು ಒಣದಾಗಿ ಗರಗಸ ಹಾಕಿ ಕೊಯ್ದರೆ, ಸುತ್ತಿಗೆಯಲ್ಲಿ ಪುಡಿ ಮಾಡಿದರೆ ಏಳುವ ದೂಳು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ನೀರು ಹಾಕಿ ನೆನೆಸಿ, ಮುರಿಯದಂತೆ ಇಡಿಯಾಗಿ ಇಳಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ. ಕೆಲಸದವರಿಗೂ ಇದನ್ನು ತಿಳಿಸಿ ಹೇಳಿ, ಅವರ ಶ್ವಾಸಕೋಶವೂ ನಮ್ಮ ಜವಾಬ್ದಾರಿ. ಹೊಸ ಕೊಳವೆ ಸ್ಟೇನ್‌ಲೆಸ್ ಸ್ಟೀಲಿನದಾಗಲಿ, ಇಲ್ಲವೇ ದಪ್ಪ ಕಬ್ಬಿಣದ್ದಾಗಲಿ.

ಕೊಳವೆಯ ಎತ್ತರ ಸಾರಕ್ಕಿಯಂಥ ಕಡೆ ನಿಜವಾದ ಪರೀಕ್ಷೆ. ಸೌದೆ ಒಲೆ ಕಟ್ಟುವ ದೇಶಗಳಲ್ಲಿ ಚಾಲ್ತಿಯಲ್ಲಿರುವ ನಿಯಮದ ಪ್ರಕಾರ ಕೊಳವೆ ಚಾವಣಿಯನ್ನು ದಾಟಿ 3 ಅಡಿಯಾದರೂ ಮೇಲೆ ಬರಬೇಕು, 10 ಅಡಿಯೊಳಗಿನ ಯಾವುದೇ ಕಟ್ಟಡಕ್ಕಿಂತ 2 ಅಡಿ ಎತ್ತರವಿರಬೇಕು. 20-30 ಸೈಟಿನಲ್ಲಿ ನಾಲ್ಕು ಅಂತಸ್ತು ಎದ್ದು, ಎರಡು ಮನೆಯ ಬಾಲ್ಕನಿಗಳು ಕೈಗೆ ಎಟುಕುವಂತಿರುವ ಓಣಿಯಲ್ಲಿ ಒಂದಂತಸ್ತಿನ ಹಳೆಯ ಮನೆ ಈ ನಿಯಮವನ್ನು ಪಾಲಿಸುವುದು ಕಷ್ಟ. ಅಲ್ಲಿ ಬಿಟ್ಟ ಹೊಗೆ ಎರಡು ಗೋಡೆಗಳ ನಡುವೆ ಸುತ್ತಿ ಮೇಲಿನ ಮನೆಯ ಮಗುವಿನ ಕೋಣೆಗೆ ನುಗ್ಗುತ್ತದೆ. ಗಾಳಿಯಲ್ಲಿ 2.5 ಮೈಕ್ರಾನಿಗಿಂತ ಚಿಕ್ಕ ಕಣಗಳು ದಿನದ ಸರಾಸರಿಯಲ್ಲಿ ಘನ ಮೀಟರಿಗೆ 60 ಮೈಕ್ರೊಗ್ರಾಂ ಮೀರಬಾರದು ಎಂದು ನಮ್ಮ ದೇಶದ ಮಾನದಂಡ ಹೇಳುತ್ತದೆ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ 15ಕ್ಕೆ ಇಳಿಸಿದೆ. ಒಳ್ಳೆಯ ಒಲೆಯೂ ಹೊತ್ತಿಸಿದ ಮೊದಲ ಹತ್ತು ನಿಮಿಷ ಹೊಗೆ ಬಿಡುತ್ತದೆ. ನಮ್ಮ ಸ್ನಾನಕ್ಕೆ ನೆರೆಯವರ ಉಸಿರನ್ನು ಕೆಡಿಸುವ ಹಕ್ಕು ನಮಗಿಲ್ಲ. ಅಂಥ ಜಾಗದಲ್ಲಿರುವವರು ಹಂಡೆಯನ್ನು ತೊಳೆದು ನೀರು ತುಂಬುವ ಹಬ್ಬಕ್ಕೆ ಪೂಜಿಸಲಿ, ನೀರನ್ನು ಸೋಲಾರಿನಲ್ಲೋ ಗೀಸರಿನಲ್ಲೋ ಕಾಯಿಸಿಕೊಳ್ಳಲಿ.

ಉರುವಲಿನ ವಿಚಾರದಲ್ಲಿ ಬೆಂಗಳೂರಿನದೇ ಒಂದು ತೊಡಕಿದೆ. ಸುತ್ತ ಎಲ್ಲಿ ನೋಡಿದರೂ ಕಟ್ಟಡದ ಕೆಲಸ, ಅಲ್ಲಿ ಎಸೆದ ಹಲಗೆಗಳು. ಸೆಂಟ್ರಿಂಗಿಗೆ ಬಳಸಿದ ಸರ್ವೆ ಮರದ ಬೊಂಬು ಒಳ್ಳೆಯ ಉರುವಲು, ಮೊಳೆ ಕಿತ್ತು ಸೀಳಿಕೊಂಡರೆ ಸಾಕು. ಎಣ್ಣೆ ಬಳಿದ ಸೆಂಟ್ರಿಂಗ್ ಹಲಗೆ, ಪ್ಲೈವುಡ್, ಬಣ್ಣ ಹೊಡೆದ ಕಿಟಕಿ ಬಾಗಿಲು ಮಾತ್ರ ಒಲೆಗೆ ಬೇಡ, ಅವುಗಳ ಅಂಟು ಮತ್ತು ಬಣ್ಣ ವಿಷದ ಹೊಗೆಯಾಗುತ್ತವೆ. ಹಾಲಿನ ಕವರು, ಹಳೆಯ ಚಪ್ಪಲಿ ಹಾಕಿ ಉರಿ ಹೊತ್ತಿಸುವ ಅಭ್ಯಾಸವಂತೂ ಇಂದೇ ನಿಲ್ಲಲಿ. ತೆರೆದ ಜಾಗದಲ್ಲಿ ಕಸ ಸುಡುವುದಕ್ಕೆ 2016ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 5,000 ರೂಪಾಯಿ ದಂಡ ಗೊತ್ತುಮಾಡಿತು, ಆ ಮೊಕದ್ದಮೆ ಹೂಡಿದ್ದವರು ಬೆಂಗಳೂರಿನವರೇ ಆದ ಅಲ್ಮಿತ್ರಾ ಪಟೇಲ್. ಒಲೆಯೊಳಗೆ ಸುಟ್ಟ ಮಾತ್ರಕ್ಕೆ ಪ್ಲಾಸ್ಟಿಕ್ಕಿನ ಹೊಗೆ ಒಳ್ಳೆಯದಾಗುವುದಿಲ್ಲ.

ಯಾವ ಮರ ಎಂಬುದಕ್ಕಿಂತ ಎಷ್ಟು ಒಣಗಿದೆ ಎಂಬುದು ಮುಖ್ಯ. ಹುಣಸೆ, ಜಾಲಿ, ಸರ್ವೆ ಗಟ್ಟಿಯಾಗಿ ನಿಧಾನಕ್ಕೆ ಉರಿಯುತ್ತವೆ, ಗುಲ್‌ಮೊಹರ್ ಬೇಗ ಮುಗಿಯುತ್ತದೆ, ಆದರೆ ಕೆ.ಜಿ.ಗೆ ಕೆ.ಜಿ. ತೂಗಿದರೆ ಶಾಖದಲ್ಲಿ ದೊಡ್ಡ ಅಂತರವಿಲ್ಲ. ಅರ್ಧಕ್ಕರ್ಧ ನೀರಿರುವ ಹಸಿಸೌದೆ ಮಾತ್ರ ಒಣಸೌದೆಯ ಅರ್ಧದಷ್ಟೇ ಶಾಖ ಕೊಡುತ್ತದೆ, ಹೊಗೆ ಅದಕ್ಕೆ ಹೆಚ್ಚು. ಮೇ ತಿಂಗಳ ಗಾಳಿಮಳೆಗೆ ಬಿದ್ದ ಕೊಂಬೆಯನ್ನು ಅದೇ ಮಳೆಗಾಲಕ್ಕೆ ಉರಿಸಲು ಹೊರಡಬೇಡಿ. ಸೀಳಿ, ನೆಲದಿಂದ ಎತ್ತರಿಸಿ, ಮೇಲೆ ಮಾತ್ರ ತಗಡು ಹೊದಿಸಿ ಪಕ್ಕದಿಂದ ಗಾಳಿಯಾಡಲು ಬಿಡಿ. ಒಂದು ತುಂಡಿಗೆ ಗುರುತು ಮಾಡಿ ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿಡಿ. ತೂಕ ಇಳಿಯುವುದು ನಿಂತ ದಿನ ಅದು ಒಣಗಿದೆ ಎಂದರ್ಥ.

ಕಂಟೋನ್ಮೆಂಟಿನ ಹಳೆಯ ಬಂಗಲೆಗಳಲ್ಲೂ ಕೊಡಗಿನ ಎಸ್ಟೇಟ್ ಮನೆಗಳಲ್ಲೂ ಇರುವ ಬೆಂಕಿಗೂಡಿಗೂ ಹಳೆಯ ನೀರೊಲೆಯದೇ ಕಾಯಿಲೆ. ತೆರೆದ ಗೂಡು ಕೋಣೆಯ ಬೆಚ್ಚಗಿನ ಗಾಳಿಯನ್ನೇ ಎಳೆದು ಮೇಲೆ ಕಳಿಸುತ್ತದೆ. ಕೌಂಟ್ ರಮ್‌ಫೋರ್ಡ್ ಎಂಬ ವಿಜ್ಞಾನಿ 18ನೇ ಶತಮಾನದ ಕೊನೆಯಲ್ಲೇ ಗೂಡಿನ ಆಳವನ್ನೂ ಕೊಳವೆಯ ಗಂಟಲನ್ನೂ ಕಿರಿದು ಮಾಡಿ ಸುಧಾರಿಸಿದ. ಇಂದು ಅದರೊಳಗೆ ಗಾಜಿನ ಬಾಗಿಲಿನ ಕಬ್ಬಿಣದ ಒಲೆ ಕೂರಿಸುತ್ತಾರೆ, ನೂರಕ್ಕೆ 70 ಪಾಲು ಶಾಖ ಸಿಗುತ್ತದೆ ಎನ್ನುತ್ತಾರೆ. ನೀರೊಲೆಯ 30ರ ಪಕ್ಕ ಆ 70ನ್ನು ಇಟ್ಟು ನಿರಾಶರಾಗಬೇಕಿಲ್ಲ. ಅಲ್ಲಿ ಒಲೆಯ ಮೈಯಿಂದ ಕೋಣೆಗೆ ಹರಡಿದ ಶಾಖವೆಲ್ಲ ಲಾಭದ ಲೆಕ್ಕ, ಇಲ್ಲಿ ನೀರಿಗೆ ಇಳಿದದ್ದು ಮಾತ್ರ. ಹಗುರವಾದ, ಎತ್ತಿಡಬಹುದಾದ ಸೌದೆ ಒಲೆಗಳಿಗೆ ನಮ್ಮ ಐ.ಎಸ್. 13152 ಮಾನದಂಡ ಕೇಳುವುದು ಕನಿಷ್ಠ 25, ಫ್ಯಾನ್ ಇರುವ ಒಲೆಯಾದರೆ 35. ಕಟ್ಟಿದ ನೀರೊಲೆಗೆ ಆ ಮಾನದಂಡ ಅನ್ವಯಿಸದು, ಆದರೆ 25ನ್ನು ಗುರಿಯಾಗಿ ಇಟ್ಟುಕೊಳ್ಳಬಹುದು.

ಕೆಲಸಕ್ಕೆ ಒಳ್ಳೆಯ ಕಾಲ ಬೇಸಿಗೆ, ಮಣ್ಣಿನ ಕೆಲಸ ನಿಧಾನವಾಗಿ ಆರಬೇಕು. ಎರಡು ವಾರ ಆರಲು ಬಿಟ್ಟು, ಆಮೇಲೆ ಕೆಲವು ದಿನ ಪುರಳೆಯಿಂದ ಸಣ್ಣ ಉರಿ ಹಾಕಿ. ಒಮ್ಮೆಲೇ ದೊಡ್ಡ ಉರಿ ಹಾಕಿದರೆ ಗೋಡೆ ಸೀಳುತ್ತದೆ. ದಿನಾ ಉರಿಸುವ ಮನೆಯಲ್ಲಿ ತಿಂಗಳಿಗೊಮ್ಮೆ ಕೊಳವೆಯೊಳಗೆ ಕುಂಚ ಇಳಿಸಿ ಮಸಿ ತೆಗೆಯಬೇಕು, ದೀಪಾವಳಿಗೆ ಹಂಡೆ ಎತ್ತಿ ಹುಣಸೆಹಣ್ಣಿನಲ್ಲಿ ಬೆಳಗುವಾಗ ಸಂದಿನ ಮಸಿಯನ್ನೂ ಒಳಗೋಡೆಯ ಬಿರುಕನ್ನೂ ನೋಡಿ ಮೆತ್ತಬೇಕು. ಕೊಳವೆಯ ಕೀಲುಗಳಿಂದ ಕಪ್ಪು ನೀರು ತೊಟ್ಟಿಕ್ಕುತ್ತಿದ್ದರೆ ಸೌದೆ ಹಸಿಯಾಗಿದೆ ಅಥವಾ ಡ್ಯಾಂಪರ್ ಅತಿಯಾಗಿ ಮುಚ್ಚಿದೆ.

ಒಲೆ ಪಳಗಿದ ಮೇಲೆ ಒಂದು ದಿನ ಅಳೆದು ನೋಡಿ. ಹಂಡೆಗೆ ಎಷ್ಟು ಲೀಟರ್ ಎಂದು ಕೊಡದಲ್ಲಿ ಎಣಿಸಿ ತುಂಬಿ, ಥರ್ಮಾಮೀಟರಿನಲ್ಲಿ ಮೊದಲ ಮತ್ತು ಕೊನೆಯ ಬಿಸಿ ನೋಡಿ, ಸೌದೆಯನ್ನು ತೂಗಿ ಹಾಕಿ. ಲೀಟರನ್ನು ಏರಿದ ಡಿಗ್ರಿಯಿಂದಲೂ 4.2ರಿಂದಲೂ ಗುಣಿಸಿ, ಸೌದೆಯ ಕೆ.ಜಿ.ಯನ್ನು 16,000ದಿಂದ ಗುಣಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. 60 ಲೀಟರ್ 35 ಡಿಗ್ರಿ ಏರಲು 2 ಕೆ.ಜಿ. ಸುಟ್ಟಿದ್ದರೆ 8,820ಕ್ಕೆ 32,000, ಅಂದರೆ ನೂರಕ್ಕೆ 27 ಚಿಲ್ಲರೆ. 25ಕ್ಕಿಂತ ಕೆಳಗೆ ಬಂದರೆ ಮೊದಲು ಸೌದೆಯ ತೇವ ನೋಡಿ, ಆಮೇಲೆ ಬಾಗಿಲು ಮತ್ತು ಡ್ಯಾಂಪರ್, ಕೊನೆಗೆ ಹಂಡೆಯ ಸುತ್ತಲಿನ ಸಂದು.